ನೀಲಿ ಗುಳ್ಳೆ, ಹಸಿರು ಗುಳ್ಳೆ: ಐಫೋನ್‌ಗೂ ಆಂಡ್ರಾಯ್ಡ್‌ಗೂ ನಡುವೆ ಮೆಸೇಜ್ ಕಳಿಸಲು ಯಾವ ದಾರಿ?

ತಂಗಿ ಐಫೋನ್ ಕೊಂಡ ಎರಡನೇ ದಿನ ಫೋನ್ ಮಾಡಿದಳು. "ಅಣ್ಣಾ, ನಾನು ಕಳಿಸೋ ಮೆಸೇಜು ಫ್ರೆಂಡ್ಸಿಗೆಲ್ಲ ನೀಲಿ ಬಣ್ಣದಲ್ಲಿ ಹೋಗ್ತಿದೆ, ನಿಂಗೆ ಮಾತ್ರ ಹಸಿರು. ನಿನ್ನ ಫೋನ್ ಏನಾದ್ರೂ ಕೆಟ್ಟಿದ್ಯಾ?" ನನ್ನ ಫೋನ್ ಚೆನ್ನಾಗಿಯೇ ಇತ್ತು. ಅದು ಆಂಡ್ರಾಯ್ಡ್, ಅಷ್ಟೇ.

ಆವತ್ತು ಸುಮ್ನೆ ಕೂತು ನಮ್ಮವರ ಫೋನ್‌ಗಳನ್ನೆಲ್ಲ ಲೆಕ್ಕ ಹಾಕಿದೆ. ತಂಗಿಯದು ಐಫೋನ್. ನನ್ನದು, ಅಮ್ಮನದು ಆಂಡ್ರಾಯ್ಡ್. ಅಮೆರಿಕದಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ನಾಲ್ವರಿಗೂ ಐಫೋನ್. ಊರಿನಲ್ಲಿರುವ ಅಜ್ಜಿಯದು ಗುಂಡಿ ಒತ್ತುವ ಕೀಪ್ಯಾಡ್ ಫೋನ್. ಇಷ್ಟು ಜನಕ್ಕೆ ಒಂದೇ ಸುದ್ದಿ ಮುಟ್ಟಿಸಬೇಕು ಅಂದರೆ ಏನು ಮಾಡೋದು?

ಮೆಸೇಜ್ ಆಪ್ ಆರಿಸುವಾಗ ನಾವು ನಮ್ಮ ಫೋನ್ ನೋಡಿ ಆರಿಸುತ್ತೇವೆ. ನೋಡಬೇಕಾದದ್ದು ಆ ಕಡೆಯವರ ಫೋನನ್ನು. ಎಸ್ಎಂಎಸ್ ಒಂದನ್ನು ಬಿಟ್ಟು ಉಳಿದ ಎಲ್ಲ ದಾರಿಗೂ ಎರಡೂ ಕಡೆ ಒಂದೇ ಏರ್ಪಾಡು ಇರಲೇಬೇಕು. ಒಂದು ಕಡೆ ಇಲ್ಲದಿದ್ದರೆ ಮೆಸೇಜು ಒಂದೋ ಹೋಗುವುದಿಲ್ಲ, ಇಲ್ಲವೇ ಗೊತ್ತಿಲ್ಲದೆ ಎಸ್ಎಂಎಸ್ ಆಗಿಬಿಡುತ್ತದೆ.

ಎಸ್ಎಂಎಸ್: ಎಲ್ಲರಿಗೂ ಹೋಗುತ್ತದೆ, ಕನ್ನಡಕ್ಕೆ ಮಾತ್ರ ದುಬಾರಿ

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರ್‌ನಿಂದ ವೊಡಾಫೋನ್‌ನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ 'ಮೆರಿ ಕ್ರಿಸ್‌ಮಸ್' ಎಂದು ಕಳಿಸಿದರು. ಅದೇ ಮೊದಲ ಎಸ್ಎಂಎಸ್. ಜಾರ್ವಿಸ್ ಮರುತ್ತರ ಬರೆಯಲಿಲ್ಲ, ಅವರ ಫೋನಿನಲ್ಲಿ ಬರೆಯುವ ಸೌಕರ್ಯವೇ ಇರಲಿಲ್ಲ. ಅಂದಿನ ಅದೇ ವಿದ್ಯೆ ಇವತ್ತಿಗೂ ನಿಮ್ಮ ಬ್ಯಾಂಕಿನ ಒಟಿಪಿ ತಂದುಕೊಡುತ್ತಿದೆ. ಡೇಟಾ ಬೇಡ, ಆಪ್ ಬೇಡ. ಸಿಗ್ನಲ್ ಒಂದು ಕಡ್ಡಿ ಇದ್ದರೆ ಸಾಕು.

ತೊಂದರೆ ಇರುವುದು ಜಾಗದಲ್ಲಿ. ಒಂದು ಎಸ್ಎಂಎಸ್‌ನಲ್ಲಿ ಇರುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70. ಅದೂ ನಾವು ಎಣಿಸುವ ಅಕ್ಷರವಲ್ಲ. ವ್ಯಂಜನ, ಅರ್ಧಾಕ್ಷರದ ಗುರುತು, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಫೋನಿನ ಲೆಕ್ಕದಲ್ಲಿ ಆರು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಮುಗಿಯುತ್ತದೆ. 71ನೆಯದು ಬಂದ ಕೂಡಲೇ ಅದು ಎರಡು ಎಸ್ಎಂಎಸ್. ಆಗ ತುಂಡುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕು, ಹಾಗಾಗಿ ತುಂಡಿಗೆ 67ರಂತೆ ಮಾತ್ರ ಹಿಡಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕೊನೆಗೊಂದು ನಗುವ ಎಮೋಜಿ ಹಾಕಿದರೂ ಅಷ್ಟೇ. ಆ ಒಂದು ಎಮೋಜಿಗಾಗಿ ಇಡೀ ಮೆಸೇಜು 160ರ ಲೆಕ್ಕ ಬಿಟ್ಟು 70ಕ್ಕೆ ಇಳಿಯುತ್ತದೆ.

ತಮಾಷೆ ಅಂದರೆ, ಮೊಬೈಲ್ ಜಾಲದ ಮಾನದಂಡದಲ್ಲಿ ಕನ್ನಡಕ್ಕೆ ಅಂತಲೇ 7 ಬಿಟ್‌ನ ಅಕ್ಷರಪಟ್ಟಿ ಒಂದಿದೆ. ತಮಿಳು, ತೆಲುಗು, ಹಿಂದಿಗೂ ಇದೆ. ಅದನ್ನು ಬಳಸಿದರೆ ಕನ್ನಡಕ್ಕೂ ಹೆಚ್ಚುಕಡಿಮೆ ಇಂಗ್ಲಿಷಿನಷ್ಟೇ ಜಾಗ ಸಿಗುತ್ತದೆ. ನನ್ನ ಫೋನಂತೂ ಇಂದಿಗೂ 70ರ ಲೆಕ್ಕವನ್ನೇ ಹಿಡಿದು ಕೂತಿದೆ.

ಒಂದು ಕಾಲದಲ್ಲಿ ಯುಗಾದಿ, ದೀಪಾವಳಿ ದಿನ ಎಸ್ಎಂಎಸ್ ಪ್ಯಾಕ್ ಕೆಲಸ ಮಾಡುತ್ತಿರಲಿಲ್ಲ, ನೆನಪಿದೆಯಾ? 'ಬ್ಲ್ಯಾಕ್‌ಔಟ್ ಡೇ' ಅನ್ನುತ್ತಿದ್ದರು. ಆ ದಿನ ಪೂರ್ತಿ ದರ. ಹಾಗಾಗಿ ಹಬ್ಬದ ಶುಭಾಶಯ ಹಿಂದಿನ ರಾತ್ರಿಯೇ ಬಂದು ಬೀಳುತ್ತಿತ್ತು. ಈಗ ಬಹಳಷ್ಟು ರೀಚಾರ್ಜ್‌ಗಳಲ್ಲಿ ದಿನಕ್ಕೆ 100 ಎಸ್ಎಂಎಸ್ ಬರುತ್ತದೆ. ಅದನ್ನು ಮುಗಿಸುವವರನ್ನು ನಾನು ಕಂಡಿಲ್ಲ. ಆದರೆ ಉದ್ದದ ಕನ್ನಡ ಮೆಸೇಜನ್ನು 30 ಜನಕ್ಕೆ ಕಳಿಸಿ ನೋಡಿ. ನಾಲ್ಕು ತುಂಡಾದರೆ 120, ಅಲ್ಲಿಗೆ ಆ ದಿನದ ಕೋಟಾ ಖಾಲಿ.

ಫೋಟೊ ಕಳಿಸಲು ಇದರದ್ದೇ ತಮ್ಮನಂತೆ ಎಂಎಂಎಸ್ ಇತ್ತು. ನಮ್ಮ ಕಡೆ ಅದನ್ನು ಮರೆತುಬಿಡಿ.

ಐಮೆಸೇಜ್: ಆಪಲ್ ಮನೆಯವರಿಗೆ ಮಾತ್ರ

ತಂಗಿ ಕಂಡ ನೀಲಿ ಗುಳ್ಳೆ ಇದು. 2011ರಲ್ಲಿ ಐಒಎಸ್ 5 ಜೊತೆಗೆ ಬಂತು. ಇಂಟರ್ನೆಟ್ ಮೂಲಕ ಹೋಗುತ್ತದೆ, ಫೋಟೊ ಮಸುಕಾಗುವುದಿಲ್ಲ, ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ಬೇರೆ ಯಾರೂ ಓದಲಾಗದಂತೆ ಬೀಗ ಬೀಳುತ್ತದೆ. ಇದನ್ನೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಅನ್ನುವುದು. ಮುಂದೆ ಸುಮ್ನೆ 'ಬೀಗ' ಅಂತಲೇ ಕರೆಯುತ್ತೇನೆ.

ಇಷ್ಟೆಲ್ಲ ಇದ್ದರೂ ಆಪಲ್ ಇದನ್ನು ಆಂಡ್ರಾಯ್ಡ್‌ಗೆ ಕೊಟ್ಟಿಲ್ಲ. 2022ರಲ್ಲಿ ಒಂದು ಸಮಾರಂಭದಲ್ಲಿ ಒಬ್ಬರು ಎದ್ದು ನಿಂತು, ನಮ್ಮಮ್ಮನಿಗೆ ಕೆಲವು ವಿಡಿಯೊ ಕಳಿಸಲು ಆಗುತ್ತಿಲ್ಲ ಎಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ ಅವರಿಗೆ ದೂರಿದರು. ನಿಮ್ಮಮ್ಮನಿಗೊಂದು ಐಫೋನ್ ಕೊಡಿಸಿ ಎಂದರು ಕುಕ್. ಸಭೆಯಲ್ಲಿ ನಗು ಎದ್ದಿತು. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಈ ಹಸಿರು ಗುಳ್ಳೆಯ ಮಾತೂ ಬಂತು. ಅಲ್ಲಿನ ಶಾಲೆ ಕಾಲೇಜುಗಳಲ್ಲಿ ಹಸಿರು ಗುಳ್ಳೆಯ ಹುಡುಗರನ್ನು ಗುಂಪಿಗೆ ಸೇರಿಸದೇ ಇರುವುದು ನಿಜಕ್ಕೂ ನಡೆಯುತ್ತದೆ. ನಮ್ಮಲ್ಲಿ ಎಲ್ಲರೂ ವಾಟ್ಸಾಪ್‌ನಲ್ಲಿ ಇರುವುದರಿಂದ ಈ ಜಾತಿಭೇದ ಅಷ್ಟಾಗಿ ಹುಟ್ಟಲಿಲ್ಲ.

ಭಾರತದ ಸಿಮ್ ಹಾಕಿದ ಐಫೋನ್ ಇದ್ದರೆ ಎರಡು ವಿಷಯ ಗಮನದಲ್ಲಿರಲಿ. ಐಮೆಸೇಜ್ ಚಾಲೂ ಆಗುವಾಗ ಫೋನು ನಿಮಗೆ ಕಾಣದಂತೆ ವಿದೇಶಿ ನಂಬರಿಗೆ ಒಂದು ಎಸ್ಎಂಎಸ್ ಕಳಿಸುತ್ತದೆ. ಬ್ಯಾಲೆನ್ಸ್‌ನಲ್ಲಿ ಒಂದಷ್ಟು ರೂಪಾಯಿ ಹೋದರೆ ಗಾಬರಿಯಾಗಬೇಡಿ. ಬ್ಯಾಲೆನ್ಸ್ ಇಲ್ಲದಿದ್ದರೆ ಐಮೆಸೇಜ್ ಚಾಲೂ ಆಗದೆ ತಿರುಗುತ್ತಲೇ ಇರಬಹುದು. ಇನ್ನೊಂದು, ಐಮೆಸೇಜ್ ಹೋಗದಿದ್ದಾಗ ಅದನ್ನೇ ಎಸ್ಎಂಎಸ್ ಆಗಿ ಕಳಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಅಮೆರಿಕದ ಚಿಕ್ಕಪ್ಪನಿಗೆ ನೀಲಿಯಲ್ಲಿ ಹೋಗಬೇಕಾದದ್ದು ಹಸಿರಾಗಿ ಹೋದರೆ ಅದು ಅಂತರರಾಷ್ಟ್ರೀಯ ಎಸ್ಎಂಎಸ್. ದಿನದ 100ರ ಲೆಕ್ಕಕ್ಕೆ ಅದು ಸೇರುವುದಿಲ್ಲ, ದುಡ್ಡು ಬೇರೆ. ತಂಗಿಯ ಫೋನಿನಲ್ಲಿ ಆ ಆಯ್ಕೆಯನ್ನು ಆಫ್ ಮಾಡಿಸಿದ್ದೇನೆ.

ಆರ್‌ಸಿಎಸ್: ಹೊಸ ಸೇತುವೆ, ಇನ್ನೂ ಪೂರ್ತಿ ಕಟ್ಟಿಲ್ಲ

ಎಸ್ಎಂಎಸ್ ಜಾಗಕ್ಕೆ ಬರಬೇಕಾದದ್ದು ಇದು, ಡೇಟಾ ಮೂಲಕ ಹೋಗುವ ಮೆಸೇಜು. ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್ಎಂಎ 2016ರಲ್ಲಿ ಎಲ್ಲರಿಗೂ ಒಂದೇ ಮಾನದಂಡ ಕೊಟ್ಟಿತು. ಗೂಗಲ್ ತನ್ನ ಮೆಸೇಜಸ್ ಆಪ್‌ನಲ್ಲಿ ಅದನ್ನು ತುಂಬಿ ಆಂಡ್ರಾಯ್ಡ್‌ನಲ್ಲೆಲ್ಲ ಹರಡಿತು. ಆಪಲ್ ವರ್ಷಗಟ್ಟಲೆ ಮುಖ ತಿರುಗಿಸಿ, ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಐಒಎಸ್ 18ರ ಜೊತೆ ಒಪ್ಪಿಕೊಂಡಿತು.

ಇದು ಕೆಲಸ ಮಾಡಿದಾಗ ಚೆನ್ನಾಗಿದೆ. ಐಫೋನ್‌ನಿಂದ ಆಂಡ್ರಾಯ್ಡ್‌ಗೆ ಫೋಟೊ ಸ್ಪಷ್ಟವಾಗಿ ಹೋಗುತ್ತದೆ. ಆ ಕಡೆಯವರು ಟೈಪ್ ಮಾಡುತ್ತಿರುವುದು, ಓದಿದ್ದು ಕಾಣುತ್ತದೆ. ಬೇರೆ ಆಪ್ ಹಾಕಿಕೊಳ್ಳಬೇಕಾಗಿಲ್ಲ. ಗುಳ್ಳೆ ಮಾತ್ರ ಹಸಿರೇ.

ಆದರೆ ಷರತ್ತುಗಳು ಹಲವು. ಐಫೋನ್‌ನಲ್ಲಿ ಇದು ನಡೆಯಬೇಕಾದರೆ ನಿಮ್ಮ ಸಿಮ್ ಕಂಪನಿ ಬೆಂಬಲ ಕೊಟ್ಟಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಮೆಸೇಜಸ್ ಒಳಗೆ ಆರ್‌ಸಿಎಸ್ ಎಂಬ ಆಯ್ಕೆ ಕಾಣದಿದ್ದರೆ ನಿಮ್ಮ ಸಿಮ್‌ಗೆ ಅದು ಇಲ್ಲ ಎಂದೇ ಅರ್ಥ, ಫೋನ್ ಎಷ್ಟೇ ದುಬಾರಿಯಾಗಿರಲಿ. ಎರಡೂ ಕಡೆ ಡೇಟಾ ಇರಬೇಕು. ಗುಂಪಿನಲ್ಲಿ ಒಬ್ಬರಿಗೆ ಆರ್‌ಸಿಎಸ್ ಇಲ್ಲದಿದ್ದರೂ ಇಡೀ ಗುಂಪು ಹಳೆಯ ಎಂಎಂಎಸ್‌ಗೆ ಜಾರುತ್ತದೆ. ನಮ್ಮಂಥ ಮನೆಗಳಲ್ಲಿ ಅಲ್ಲಿಗೇ ಕಥೆ ಮುಗಿಯಿತು.

ಬೀಗದ ಲೆಕ್ಕವೂ ಸ್ವಲ್ಪ ಗೋಜಲು. ಎರಡೂ ಕಡೆ ಗೂಗಲ್ ಮೆಸೇಜಸ್ ಇದ್ದರೆ 2021ರಿಂದಲೇ ಇಬ್ಬರ ನಡುವಿನ ಮಾತಿಗೆ ಬೀಗವಿದೆ. ಐಫೋನ್ ಮತ್ತು ಆಂಡ್ರಾಯ್ಡ್ ನಡುವೆ 2024ರಲ್ಲಿ ಸೇತುವೆ ತೆರೆದಾಗ ಬೀಗ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಜಿಎಸ್ಎಂಎ ಬೀಗದ ಮಾನದಂಡ ಪ್ರಕಟಿಸಿತು, ಆಪಲ್ ಅದನ್ನು ಮುಂದೆ ಅಳವಡಿಸುವುದಾಗಿ ಹೇಳಿತು. ನಿಮ್ಮ ಪರದೆಯಲ್ಲಿ ಬೀಗದ ಗುರುತು ಕಾಣುವ ತನಕ ಅದರಲ್ಲಿ ಬ್ಯಾಂಕ್ ವಿವರ, ಆಧಾರ್ ಫೋಟೊ ಕಳಿಸಬೇಡಿ.

ನಮ್ಮ ಕಡೆ ಆರ್‌ಸಿಎಸ್ ಹೆಸರು ಕೆಟ್ಟಿದ್ದು ಜಾಹೀರಾತಿನಿಂದ. ಸಾಲ ಬೇಕಾ, ಸೈಟ್ ಬೇಕಾ ಎಂದು ದೊಡ್ಡ ದೊಡ್ಡ ಚಿತ್ರಗಳ ಸಮೇತ ಬಂದು ಬೀಳತೊಡಗಿದವು. 2022ರಲ್ಲಿ ಗೂಗಲ್ ಭಾರತದಲ್ಲಿ ಈ ವ್ಯಾಪಾರಿ ಜಾಹೀರಾತುಗಳನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಅಮ್ಮನ ಫೋನಿನಲ್ಲಿ ನಾನು ಆರ್‌ಸಿಎಸ್ ಆಫ್ ಮಾಡಿದ್ದಕ್ಕೆ ಕಾರಣ ಇದೇ.

ವಾಟ್ಸಾಪ್: ಫೋನ್ ಬದಲಾದರೆ ಮಾತ್ರ ತಲೆನೋವು

ಭಾರತದಲ್ಲಿ ಐಫೋನ್, ಆಂಡ್ರಾಯ್ಡ್ ಜಗಳ ಅಷ್ಟು ಕಾಣದಿರುವುದು ಇದರಿಂದಲೇ. 2009ರಲ್ಲಿ ಹುಟ್ಟಿತು. ಎಸ್ಎಂಎಸ್‌ಗೆ ದುಡ್ಡು ಎಣಿಸುತ್ತಿದ್ದ ಕಾಲದಲ್ಲಿ ನೋಕಿಯಾ, ಬ್ಲ್ಯಾಕ್‌ಬೆರಿ ಅನ್ನದೆ ಎಲ್ಲದರಲ್ಲೂ ಓಡಿತು. 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರ್ ಕೊಟ್ಟು ಕೊಂಡಿತು. 2016ರಿಂದ ಎಲ್ಲ ಮಾತಿಗೂ ಬೀಗವಿದೆ. ಗುಂಪಿನಲ್ಲಿ 1,024 ಜನ ಇರಬಹುದು, ನಮ್ಮ ಊರಿನ ಜಾತ್ರೆ ಸಮಿತಿಗೂ ಅದು ಸಾಕು.

ಫೋಟೊ ಮಸುಕಾಗುತ್ತದೆ ಎಂಬ ದೂರು ಹಳೆಯದು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿಯೇ ಕಳಿಸುತ್ತದೆ. 2023ರಲ್ಲಿ ಎಚ್‌ಡಿ ಗುಂಡಿ ಬಂತು. ಅದೂ ಸಾಲದಿದ್ದರೆ, ಉದಾಹರಣೆಗೆ ಮದುವೆ ಆಲ್ಬಂಗೆ ಫೋಟೊ ಕಳಿಸುವಾಗ, ಗ್ಯಾಲರಿಯಿಂದ ಅಲ್ಲದೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. 2 ಜಿಬಿವರೆಗಿನ ಫೈಲು ಇದ್ದಂತೆಯೇ ಹೋಗುತ್ತದೆ.

ನಿಜವಾದ ಪೇಚಾಟ ಇರುವುದು ಬ್ಯಾಕಪ್‌ನಲ್ಲಿ. ಆಂಡ್ರಾಯ್ಡ್‌ನ ವಾಟ್ಸಾಪ್ ತನ್ನ ಗಂಟನ್ನು ಗೂಗಲ್ ಖಾತೆಯಲ್ಲಿ ಇಡುತ್ತದೆ. ಐಫೋನ್‌ನದು ಐಕ್ಲೌಡ್‌ನಲ್ಲಿ ಇಡುತ್ತದೆ. ಇದರ ಗಂಟನ್ನು ಅದು ಬಿಚ್ಚಲಾರದು, ಅದರದ್ದನ್ನು ಇದು ಬಿಚ್ಚಲಾರದು. ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವವರು 2022ರಲ್ಲಿ ಬಂದ 'ಮೂವ್ ಟು ಐಒಎಸ್' ದಾರಿ ಹಿಡಿಯಬೇಕು. ಹೊಸ ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗಲೇ ಅದನ್ನು ಮಾಡಬೇಕು. ಅಂಗಡಿಯವರು "ಕೊಡಿ ಸಾರ್, ನಾನು ಆನ್ ಮಾಡಿಕೊಡ್ತೀನಿ" ಎಂದು ಸೆಟಪ್ ಮುಗಿಸಿಬಿಟ್ಟರೆ, ಫೋನನ್ನು ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಬೇಕು. ನಾನು ತಂಗಿಯ ಫೋನಿನಲ್ಲಿ ಒಂದು ಭಾನುವಾರ ಪೂರ್ತಿ ಕಳೆದದ್ದು ಹೀಗೆಯೇ.

ಓದಲು ಹೊರದೇಶಕ್ಕೆ ಹೋಗುವ ಮಕ್ಕಳಿಗೆ ಒಂದು ಮಾತು.  ಫೋನ್ ಕಳೆದು ಹೊಸದಕ್ಕೆ ವಾಟ್ಸಾಪ್ ಹಾಕುವಾಗ ಹಳೆಯ ಭಾರತದ ನಂಬರಿಗೇ ಕೋಡ್ ಬರುತ್ತದೆ. ರೀಚಾರ್ಜ್ ನಿಂತು ನಂಬರ್ ಬೇರೆಯವರ ಪಾಲಾಗಿದ್ದರೆ ಕೋಡ್ ಹೋಗುವುದು ಅವರಿಗೆ. ಒಂದೋ ಸಿಮ್ ಜೀವಂತ ಇಡಿ, ಇಲ್ಲವೇ ಸೆಟ್ಟಿಂಗ್ಸ್‌ನ 'ಚೇಂಜ್ ನಂಬರ್' ಬಳಸಿ ಹೊಸ ನಂಬರಿಗೆ ಬದಲಿಸಿ. ಹಾಗೆ ಮಾಡಿದರೆ ಗುಂಪುಗಳೆಲ್ಲ ಹಾಗೇ ಉಳಿಯುತ್ತವೆ.

ಸಿಗ್ನಲ್, ಟೆಲಿಗ್ರಾಂ, ಅರಟ್ಟೈ

ಮೂರೂ ಎರಡೂ ಬಗೆಯ ಫೋನಿನಲ್ಲಿ ಓಡುತ್ತವೆ. ಹಾಗಾಗಿ ಗುಳ್ಳೆಯ ಬಣ್ಣದ ಸಮಸ್ಯೆ ಇಲ್ಲ.

ಸಿಗ್ನಲ್ ಅನ್ನು ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತದೆ. ಬೀಗ ಯಾವಾಗಲೂ ಬಿದ್ದೇ ಇರುತ್ತದೆ. ವಾಟ್ಸಾಪ್ ಬಳಸುವ ಬೀಗದ ವಿದ್ಯೆಯೂ ಇವರದ್ದೇ. 2024ರಿಂದ ನಂಬರ್ ತೋರಿಸದೆ ಯೂಸರ್‌ನೇಮ್ ಕೊಟ್ಟು ಮಾತಾಡಬಹುದು. ಮನೆ ಬಾಡಿಗೆಗೆ, ಹಳೆ ಸಾಮಾನು ಮಾರಲು ಅಪರಿಚಿತರ ಜೊತೆ ಮಾತಾಡುವಾಗ ಇದು ಒಳ್ಳೆಯದು. ತೊಂದರೆ ಒಂದೇ, ನಮ್ಮ ನೆಂಟರಲ್ಲಿ ಇದನ್ನು ಹಾಕಿಕೊಂಡವರು ಇಬ್ಬರು.

ಟೆಲಿಗ್ರಾಂನಲ್ಲಿ ಎಲ್ಲ ಮಾತೂ ಅವರ ಸರ್ವರ್‌ನಲ್ಲಿ ಇರುತ್ತದೆ. ಅದಕ್ಕೇ ಐಫೋನ್‌ನಿಂದ ಆಂಡ್ರಾಯ್ಡ್‌ಗೆ, ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಎಷ್ಟು ಸಲ ಹಾರಿದರೂ ಲಾಗಿನ್ ಆದ ಕೂಡಲೇ ಹಳೆಯದೆಲ್ಲ ಬಂದು ಕೂರುತ್ತದೆ. ಆ ಸುಖದ ಬೆಲೆ ಏನೆಂದರೆ, ಮಾಮೂಲಿ ಮಾತಿಗೆ ಎಂಡ್-ಟು-ಎಂಡ್ ಬೀಗ ಇಲ್ಲ. 'ಸೀಕ್ರೆಟ್ ಚಾಟ್' ತೆರೆದರೆ ಮಾತ್ರ ಇದೆ, ಅದೂ ಇಬ್ಬರ ನಡುವೆ, ಗುಂಪಿಗಲ್ಲ. ಗುಂಪಿಗೆ 2 ಲಕ್ಷ ಜನರವರೆಗೆ ಸೇರಿಸಬಹುದು. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರ ನೋಟ್ಸ್ ಎಲ್ಲ ಇಲ್ಲೇ ಓಡಾಡುವುದು.

ಅರಟ್ಟೈ ತಮಿಳುನಾಡಿನ ಜೋಹೋ ಕಂಪನಿಯದು. 2021ರಲ್ಲಿ ಬಂದಿತ್ತು, 2025ರಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಬಾಯಲ್ಲಿ ಓಡಾಡಿತು. ತಮಿಳಿನ ಅರಟ್ಟೈ ಅಂದರೆ ನಮ್ಮ ಹರಟೆ. ಹೆಸರು ನನಗೆ ಇಷ್ಟ. ಆದರೆ ಹರಟಲು ಜನ ಬೇಕಲ್ವಾ? ನಿಮ್ಮವರು ಅಲ್ಲಿಗೆ ಬಂದಿದ್ದರೆ ಹೋಗಿ.

ಕನ್ನಡ ಸರಿಯಾಗಿ ಕಾಣುತ್ತದಾ?

ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಯಾವ ಫೋನಿಂದ ಯಾವ ಫೋನಿಗೆ ಹೋದರೂ ಕನ್ನಡವೇ. ಅಕ್ಷರದ ದುಂಡು ಸ್ವಲ್ಪ ಬೇರೆ ಕಾಣಬಹುದು, ಅಷ್ಟೇ. ಸಮಸ್ಯೆ ಬರುವುದು ಡಿಟಿಪಿ ಅಂಗಡಿಯ ಕಂಪ್ಯೂಟರಿನಿಂದ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಆಮಂತ್ರಣವನ್ನು ಕಾಪಿ ಮಾಡಿ ಮೆಸೇಜಿಗೆ ಹಾಕಿದರೆ ಎಲ್ಲ ಫೋನಿನಲ್ಲೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿಯೇ ಕಳಿಸಬೇಕು, ಇಲ್ಲವೇ ಪಿಡಿಎಫ್ ಮಾಡಬೇಕು. ಇನ್ನು ಎಮೋಜಿ ಜಾಗದಲ್ಲಿ ಬರೀ ಚೌಕ ಕಂಡರೆ ಆ ಫೋನಿನ ಸಾಫ್ಟ್‌ವೇರ್ ಹಳೆಯದು ಎಂದು ತಿಳಿಯಿರಿ.

ಐಫೋನ್ ಬಿಡುವ ಮುಂಚೆ

ಐಫೋನ್‌ನಿಂದ ಆಂಡ್ರಾಯ್ಡ್‌ಗೆ ವಾಪಸ್ ಬರುವವರು ಒಂದು ಕೆಲಸ ಮರೆಯಬಾರದು. ಸಿಮ್ ತೆಗೆಯುವ ಮುಂಚೆ ಐಫೋನ್‌ನಲ್ಲಿ ಐಮೆಸೇಜ್ ಆಫ್ ಮಾಡಿ. ಮಾಡದಿದ್ದರೆ ನಿಮ್ಮ ನಂಬರ್ ಇನ್ನೂ ಐಫೋನ್‌ನಲ್ಲೇ ಇದೆ ಎಂದು ಆಪಲ್ ಅಂದುಕೊಂಡಿರುತ್ತದೆ. ಬೇರೆ ಐಫೋನಿನವರು ಕಳಿಸಿದ್ದು ನೀಲಿಯಾಗಿ ಹೊರಟು ನಿಮ್ಮ ಹೊಸ ಫೋನಿಗೆ ಬಾರದೇ ಹೋಗುತ್ತದೆ. ಅವರಿಗೆ ನೀವು ಉತ್ತರ ಕೊಡದ ಜಂಬದವರು, ನಿಮಗೆ ಅವರು ಮರೆತವರು! ಈ ಗೋಳು ಎಷ್ಟು ದೊಡ್ಡದಾಯಿತೆಂದರೆ 2014ರಲ್ಲಿ ಆಪಲ್ ಇದಕ್ಕೆ ಅಂತಲೇ ಒಂದು ವೆಬ್ ಪುಟ ತೆರೆಯಿತು. ಹಳೆಯ ಐಫೋನ್ ಮಾರಿಬಿಟ್ಟಿದ್ದರೂ ಅಲ್ಲಿ ನಂಬರ್ ಹಾಕಿ, ಬಂದ ಕೋಡ್ ಕೊಟ್ಟು ಬಿಡಿಸಿಕೊಳ್ಳಬಹುದು.

ಹಾಗಾದರೆ ಯಾವುದು?

ಮನೆಯಲ್ಲಿ ಎಲ್ಲರಿಗೂ ಐಫೋನ್ ಇದ್ದರೆ ಐಮೆಸೇಜ್ ಸಾಕು, ಯೋಚನೆಯೇ ಬೇಡ. ಅಮೆರಿಕದಲ್ಲಿದ್ದು ಆಂಡ್ರಾಯ್ಡ್ ಬಳಸುವವರಾದರೆ ಆರ್‌ಸಿಎಸ್ ಚಾಲೂ ಇಡಿ, ನಿಮ್ಮ ಸುತ್ತಲಿನ ಐಫೋನ್‌ನವರ ಫೋಟೊ ಸ್ಪಷ್ಟವಾಗಿ ಸಿಗುತ್ತದೆ. ಭಾರತದಲ್ಲಿ ಕಲಬೆರಕೆ ಫೋನ್‌ಗಳ ಕುಟುಂಬಕ್ಕೆ ನನ್ನ ಮತ ವಾಟ್ಸಾಪ್‌ಗೇ. ಅದು ಎಲ್ಲಕ್ಕಿಂತ ಒಳ್ಳೆಯದು ಅಂತಲ್ಲ, ಎಲ್ಲರೂ ಅಲ್ಲೇ ಇದ್ದಾರೆ ಅಂತ. ದುಡ್ಡಿನ ಮಾತು, ಆಸ್ಪತ್ರೆ ರಿಪೋರ್ಟು ಇಂಥವಕ್ಕೆ ನಾನು ತಂಗಿ ಇಬ್ಬರೂ ಸಿಗ್ನಲ್ ಬಳಸುತ್ತೇವೆ. ಕರೆಂಟ್ ಹೋಗಿ ಟವರ್ ಸೊರಗಿದ ದಿನ, ಘಾಟಿ ರಸ್ತೆಯಲ್ಲಿ ಡೇಟಾ ಸಿಗದ ಹೊತ್ತು, "ಬಸ್ ಹತ್ತಿದೆ" ಎಂದು ತಿಳಿಸಲು ಎಸ್ಎಂಎಸ್. ಎಮೋಜಿ ಇಲ್ಲದೆ.

ಅಜ್ಜಿಯ ಫೋನಿಗೆ ಎಸ್ಎಂಎಸ್ ಏನೋ ತಲುಪುತ್ತದೆ. ಆದರೆ ಆ ಫೋನಿನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತದೆ, ಅಜ್ಜಿಗೆ ಇಂಗ್ಲಿಷ್ ಬರದು. ಹಾಗಾಗಿ ಅವರಿಗೆ ಕಾಲ್ ಮಾಡುತ್ತೇವೆ. ಎರಡು ನಿಮಿಷದ ಸುದ್ದಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ.